ಕಪಾಟಿನ ಕೀಲಿ ನನ್ನ ಸೊಂಟದಲ್ಲೇ ಇತ್ತು

ಗಿರಿಜಾ ಅವರೇ, ಆ ದಿನ ನಿಮ್ಮ ಮಗಳಿಗೆ ಇನ್‌ಹೇಲರ್ ಕೊಟ್ಟವಳು ನಾನಲ್ಲ. ಕೊಡದೆ ತಡೆದವಳು ನಾನು.

ಇಷ್ಟನ್ನು ಬರೆಯುವುದಕ್ಕೆ ನನಗೆ ನಾಲ್ಕು ವರ್ಷ ಬೇಕಾಯಿತು. ಪ್ರತಿ ಯುಗಾದಿಗೆ ನೀವು ಧಾರವಾಡದಿಂದ ಫೋನ್ ಮಾಡಿ, "ಅಕ್ಕಾವ್ರ, ನಿಮ್ಮಿಂದ ನಮ್ಮ ಕೂಸು ಉಳೀತ್ರಿ" ಎನ್ನುತ್ತೀರಿ. ನಾನು "ಅಯ್ಯೋ, ನನ್ನದೇನಿದೆ, ದೇವರು ದೊಡ್ಡವನು" ಎನ್ನುತ್ತೇನೆ. ಅದು ವಿನಯ ಎಂದು ನೀವು ತಿಳಿದಿದ್ದೀರಿ. ವಿನಯವಲ್ಲ, ಕಳ್ಳತನ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಕ್ಷಮೆ ಬೇಡಲು ಬರೆಯುತ್ತಿಲ್ಲ. ಈ ಕಾಗದ ಶಾಲೆಯವರಿಗೆ ಗೊತ್ತಾದರೆ ಏನಾದೀತು ಎಂಬ ಹೆದರಿಕೆಯೂ ನನಗಿಲ್ಲ. ಇದರ ಒಂದು ಪ್ರತಿಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಅವರಿಗೆ ನಾನೇ ಕಳಿಸಿದ್ದೇನೆ. ಅವರು ವಕೀಲರನ್ನು ಕರೆಸಿದರೆ ಕರೆಸಲಿ. ಈ ಸಲ ನನ್ನ ನಾಲಿಗೆ ನನ್ನ ಬಾಯಲ್ಲೇ ಇದೆ.

ನೀವು ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ವರ್ಷ ನೆನಪಿದೆಯೇ? ದ್ವಾರಕಾ ನಗರದ ಬ್ಯಾಂಕಿನಿಂದ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆಟೋ ಹಿಡಿದು ಸಿಂಚನಾಳನ್ನು ಶಾಲೆಗೆ ಸೇರಿಸಲು ಬಂದಿರಿ. ಕಚೇರಿಯಲ್ಲಿ ನಾನು ಫೋನಿನಲ್ಲಿ ತುಮಕೂರಿನ ನನ್ನ ತಂಗಿಯ ಜೊತೆ ಮಾತಾಡುತ್ತಿದ್ದೆ. ನಾನು ಇಡುವಷ್ಟರಲ್ಲಿ ನೀವು, "ಕನ್ನಡದವರೇನ್ರೀ ನೀವು?" ಎಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟಿರಿ. ನಾನು ತೆಲುಗರ ಮನೆಗೆ ಮದುವೆಯಾಗಿ ಹೋದವಳು. ನನ್ನ ಮಕ್ಕಳು ತೆಲುಗಿನಲ್ಲೇ ಕನಸು ಕಾಣುತ್ತಾರೆ. ಮನೆಯಲ್ಲಿ ಕನ್ನಡವೆಂದರೆ ನಾನು ಒಲೆಯ ಮುಂದೆ ಒಬ್ಬಳೇ ಗೊಣಗುವುದು, ಅಷ್ಟೇ. ಹಾಗಾಗಿ ನಿಮ್ಮ ಮೇಲೆ ನನಗೆ ಎಷ್ಟು ಪ್ರೀತಿ ಹುಟ್ಟಿತೋ — ಅದನ್ನೀಗ ಹೇಳುವ ಹಕ್ಕು ನನಗಿಲ್ಲ. ಬಿಡಿ.

ಶಾಲೆಯ ನಿಯಮ ನಿಮಗೆ ಗೊತ್ತೇ ಇತ್ತು. ಪ್ರತಿ ಜೂನ್‌ನಲ್ಲಿ ಆರೋಗ್ಯದ ಫಾರಂ ತುಂಬಿಕೊಡಬೇಕು: ಯಾವ ಲಸಿಕೆ ಆಗಿದೆ, ಯಾವುದು ಒಗ್ಗುವುದಿಲ್ಲ, ದಿನವೂ ತೆಗೆದುಕೊಳ್ಳುವ ಔಷಧ ಯಾವುದು. ಔಷಧವಿದ್ದರೆ ಇನ್ನೊಂದು ಫಾರಂ. ಅದಕ್ಕೆ ತಾಯಿತಂದೆಯರ ಸಹಿ, ಡಾಕ್ಟರ ಸಹಿ, ಡಾಕ್ಟರ ಮೊಹರು. ಮಕ್ಕಳು ಬ್ಯಾಗಿನಲ್ಲಾಗಲಿ ಜೇಬಿನಲ್ಲಾಗಲಿ ಒಂದು ಮಾತ್ರೆಯನ್ನೂ ಇಟ್ಟುಕೊಳ್ಳುವಂತಿಲ್ಲ. ಎಲ್ಲವೂ ಕಚೇರಿಯ ಗಾಜಿನ ಕಪಾಟಿನಲ್ಲಿ, ಬೀಗ ಹಾಕಿ, ನನ್ನ ಸುಪರ್ದಿಯಲ್ಲಿ. ಆ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೊಮ್ಮೆ ಯಾವುದೋ ಮಗು ತನ್ನ ತಾತನ ಬಿಪಿ ಮಾತ್ರೆಗಳನ್ನು ತಂದು ಪೆಪ್ಪರ್‌ಮಿಂಟಿನ ಹಾಗೆ ಹಂಚಿತ್ತು.

ಡಿಸೆಂಬರಿನಲ್ಲಿ ಸಿಂಚನಾಳಿಗೆ ಉಬ್ಬಸವೆಂದು ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟಾಗ ನೀವು ತಂದ ಫಾರಂನಲ್ಲಿ ಎರಡೂ ಸಹಿ ಇದ್ದವು, ಮೊಹರು ಇರಲಿಲ್ಲ. ನಾನು ಚೀಟಿ ಕಳಿಸಿದೆ. "ಈ ವಾರ ಆಡಿಟ್ ಐತ್ರಿ ಅಕ್ಕಾವ್ರ, ಶನಿವಾರ ಹಾಕಿಸ್ಕೊಂಡು ಬರ್ತೇನಿ. ಅಲ್ಲೀತನಕ ಇದನ್ನ ನಿಮ್ಮ ಹತ್ರ ಇಟ್ಕೋರಿ" ಎಂದು ಇನ್‌ಹೇಲರನ್ನು ನನ್ನ ಕೈಗಿಟ್ಟು ಓಡಿದಿರಿ. ನಾನು ಅದನ್ನು ಕಪಾಟಿನಲ್ಲಿಟ್ಟು, ಅದಕ್ಕೊಂದು ಕಾಗದ ಸುತ್ತಿ, 'ಫಾರಂ ಬಾಕಿ' ಎಂದು ಬರೆದೆ. ನನ್ನ ಅಕ್ಷರ ದುಂಡಗೆ, ಎಲ್ಲರೂ ಮೆಚ್ಚುವ ಹಾಗಿರುತ್ತಿತ್ತು.

ಶನಿವಾರಕ್ಕೆ ಇನ್ನೂ ಎರಡು ದಿನವಿತ್ತು. ಚಳಿಗಾಲ. ಬಂದರಿನ ಕಡೆಯ ಕಲ್ಲಿದ್ದಲಿನ ಪುಡಿ ಬೆಳಗಾಗುವಷ್ಟರಲ್ಲಿ ಕಿಟಕಿಯ ಅಂಚಿಗೆ ಬಂದು ಕೂರುವ ದಿನಗಳು. ನಾಲ್ಕನೇ ತರಗತಿಗೆ ಆಟದ ಪೀರಿಯಡ್ ನಡೆದಿತ್ತು. ಹನ್ನೊಂದೂ ಇಪ್ಪತ್ತಕ್ಕೆ ಆಯಾ ನರಸಮ್ಮ ಸಿಂಚನಾಳನ್ನು ಎತ್ತಿಕೊಂಡು ಕಚೇರಿಗೆ ನುಗ್ಗಿದಳು. ಮಗುವಿನ ಭುಜಗಳು ಕಿವಿಯವರೆಗೆ ಏರಿ ಇಳಿಯುತ್ತಿದ್ದವು. ಕತ್ತಿನ ಕುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು.

"ಮೇಡಂ, ಪಾಪಕಿ ಊಪಿರಿ ಆಡಟ್ಲೇದು! ಮಂದು ತೀಯಂಡಿ!" ಮಗುವಿಗೆ ಉಸಿರಾಡಲು ಆಗುತ್ತಿಲ್ಲ, ಔಷಧ ತೆಗೆಯಿರಿ ಎಂದು ಕೂಗಿದಳು.

ಕೀಲಿ ನನ್ನ ಸೊಂಟದಲ್ಲಿತ್ತು. ಕಪಾಟು ನನ್ನ ಬೆನ್ನ ಹಿಂದೆಯೇ ಇತ್ತು. ನಾನು ಎದ್ದು ನಿಂತೆ — ಕಪಾಟಿನ ಕಡೆಗಲ್ಲ, ಫೋನಿನ ಕಡೆಗೆ. ಪ್ರಿನ್ಸಿಪಾಲರಿಗೆ ಮಾಡಿದೆ, ಮೀಟಿಂಗಿನಲ್ಲಿದ್ದರು. ನಿಮಗೆ ಮಾಡಿದೆ, ಎತ್ತಲಿಲ್ಲ. ಮತ್ತೆ ಅವರಿಗೆ, ಮತ್ತೆ ನಿಮಗೆ. ನರಸಮ್ಮ ಮಗುವನ್ನು ಬೆಂಚಿನ ಮೇಲೆ ಕೂರಿಸಿ ಬೆನ್ನು ಸವರುತ್ತಾ ಮತ್ತೆ ಮತ್ತೆ ಕೀಲಿ ಕೇಳಿದಳು. ನಾನು ಅವಳಿಗೆ ತೆಲುಗಿನಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಬರೆಯುತ್ತೇನೆ, ಓದಿಕೊಳ್ಳಿ: "ಇರು ನರಸಮ್ಮಾ, ಪರ್ಮಿಷನ್ ತಗೊಳ್ತಾ ಇದ್ದೀನಿ."

ಪರ್ಮಿಷನ್! ಒಂಬತ್ತು ವರ್ಷದ ಮಗು ಉಸಿರಾಡುವುದಕ್ಕೆ!

ಬಾಗಿಲ ಪಕ್ಕದಲ್ಲಿ ಗಂಟೆ ಬಾರಿಸುವ ಮರದ ಸುತ್ತಿಗೆ ತೂಗುಹಾಕಿತ್ತು. ನರಸಮ್ಮ ಅದನ್ನು ಕಿತ್ತುಕೊಂಡು ಕಪಾಟಿನ ಗಾಜಿಗೆ ಹೊಡೆದಳು. ಒಡೆದ ಗಾಜಿನೊಳಗೆ ಕೈ ಹಾಕಿ, ನನ್ನ ದುಂಡಗಿನ ಅಕ್ಷರದ ಕಾಗದವನ್ನು ಹಲ್ಲಿನಿಂದ ಹರಿದು, ಇನ್‌ಹೇಲರ್ ಅಲ್ಲಾಡಿಸಿ ಮಗುವಿನ ಬಾಯಿಗಿಟ್ಟು ಒತ್ತಿದಳು. ಅವಳ ಮಣಿಕಟ್ಟಿನಿಂದ ರಕ್ತ ಸಿಂಚನಾಳ ಯೂನಿಫಾರಂ ಮೇಲೆ ತೊಟ್ಟಿಕ್ಕಿತು. ಸಂಜೆ ನೀವು ಆ ಕಲೆ ನೋಡಿ ಹೆದರಿದಾಗ, "ಗಾಜು ತಗುಲಿ ಆಯಾಗೆ ಸ್ವಲ್ಪ ಗಾಯ" ಎಂದಿದ್ದೆ. ಅದೊಂದೇ ನಾನು ಆ ದಿನ ಆಡಿದ ನಿಜ.

ಆಗ ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಮೂವತ್ತೊಂದು. ಹನ್ನೊಂದು ನಿಮಿಷ. ನಾನು ನಿಯಮಕ್ಕೆ ಕಟ್ಟುಬಿದ್ದಿದ್ದೆ ಎಂದು ನೀವು ನನಗಾಗಿ ನೆವ ಹುಡುಕಬೇಡಿ. ಅದೇ ಫಾರಂನ ಕೊನೆಯ ಸಾಲಿನಲ್ಲಿ, ತುರ್ತು ಸಮಯದಲ್ಲಿ ಸಿಬ್ಬಂದಿ ತಮ್ಮ ವಿವೇಚನೆ ಬಳಸಬಹುದು ಎಂದಿತ್ತು. ಆ ಸಾಲನ್ನು ಟೈಪ್ ಮಾಡಿದವಳೇ ನಾನು. ನಿಯಮ ನನ್ನನ್ನು ತಡೆಯಲಿಲ್ಲ. ನಾಳೆ ಯಾರಾದರೂ ನನ್ನನ್ನು ಕೇಳಿದರೆ — ಆ 'ಕೇಳಿದರೆ' ತಡೆಯಿತು.

ಆಸ್ಪತ್ರೆಯಲ್ಲಿ ಸಿಂಚನಾ ಚೇತರಿಸಿಕೊಂಡಳು. ನೀವು ಬಂದು ನನ್ನ ಎರಡೂ ಕೈ ಹಿಡಿದು, "ನಾ ಫೋನ್ ಡ್ರಾವರ್‌ನಾಗ ಇಟ್ಟಿದ್ದೆ ಅಕ್ಕಾವ್ರ... ಎಂಥಾ ತಾಯಿ ನಾನು" ಎಂದು ಅತ್ತಿರಿ. ನೀವು ಫೋನ್ ಎತ್ತಬೇಕಾದ ಅಗತ್ಯವೇ ಇರಲಿಲ್ಲ. ನಾನದನ್ನು ಹೇಳಲಿಲ್ಲ; ಇನ್‌ಹೇಲರ್ ಕೊಟ್ಟವಳು ನಾನೇ ಎಂದೆ. ಸಮಾಧಾನ ಮಾಡಿದೆ. ನೀವು ಹೊತ್ತುಕೊಂಡ ಅಪರಾಧ ನನ್ನದು ಎಂದು ಗೊತ್ತಿದ್ದೂ ಸಮಾಧಾನ ಮಾಡಿದೆ!

ಮಾರನೆಯ ದಿನ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿದರು. ಅಷ್ಟರಲ್ಲಿ ನಾನು ರಿಜಿಸ್ಟರಿನಲ್ಲಿ ಬರೆದಾಗಿತ್ತು: ಮಗು ಬಂದದ್ದು ಹನ್ನೊಂದೂ ಇಪ್ಪತ್ತು, ಔಷಧ ಕೊಟ್ಟದ್ದೂ ಹನ್ನೊಂದೂ ಇಪ್ಪತ್ತು.

"ಔಷಧ ಕೊಟ್ಟವರು ಯಾರು?" ಎಂದು ಪ್ರಿನ್ಸಿಪಾಲರು ಕೇಳಿದರು.

"ನಾನೇ ಸರ್."

"ಮತ್ತೆ ಗಾಜು ಒಡೆದದ್ದು ಯಾಕೆ?"

ನರಸಮ್ಮ ನನ್ನತ್ತ ತಿರುಗಿದಳು. ಕೈಗೆ ಬಟ್ಟೆ ಕಟ್ಟಿಕೊಂಡಿದ್ದಳು. ಅವಳ ಮುಖದಲ್ಲಿ ಆತಂಕವೇ ಇರಲಿಲ್ಲ. "ಮೇಡಂ ಚೆಪ್ತಾರು" ಎಂದಳು. ಮೇಡಂ ಹೇಳುತ್ತಾರೆ.

ಮೇಡಂ ಹೇಳಿದಳು. "ಗಾಬರಿಯಲ್ಲಿ ಒಡೆದಳು ಸರ್. ಅಗತ್ಯವಿರಲಿಲ್ಲ."

ನಾಲ್ಕೈದು ಪದ. ಅವುಗಳಿಂದ ನರಸಮ್ಮ ಹನ್ನೆರಡು ವರ್ಷದ ಕೆಲಸ ಕಳೆದುಕೊಂಡಳು — ಅನುಮತಿಯಿಲ್ಲದೆ ಔಷಧದ ಕಪಾಟಿಗೆ ಕೈ ಹಾಕಿದ್ದಕ್ಕೆ, ಶಾಲೆಯ ಸ್ವತ್ತು ಹಾಳು ಮಾಡಿದ್ದಕ್ಕೆ. ನನಗೆ ಮೆಚ್ಚುಗೆಯ ಪತ್ರ ಸಿಕ್ಕಿತು. ಮುಂದಿನ ಜೂನ್‌ನಲ್ಲಿ ಅದೇ ಶಾಲೆಯ ವಿಜಯವಾಡದ ಶಾಖೆಗೆ ಸೂಪರಿಂಟೆಂಡೆಂಟ್ ಆಗಿ ಬಡ್ತಿಯೂ ಸಿಕ್ಕಿತು. ನನ್ನನ್ನು ಬೀಳ್ಕೊಡಲು ನೀವು ಸಿಂಚನಾಳನ್ನು ಕರೆದುಕೊಂಡು ಸ್ಟೇಷನ್ನಿಗೇ ಬಂದಿದ್ದಿರಿ, ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದಿದ್ದಿರಿ. ನಾನು ತಿಂದೆ.

ವಿಜಯವಾಡದ ಕಚೇರಿಯ ಕಿಟಕಿಯಿಂದ ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಕಾಣುತ್ತಿತ್ತು. ಜನ ಮೆಟ್ಟಿಲು ಹತ್ತಿ ತಪ್ಪುಕಾಣಿಕೆ ಸಲ್ಲಿಸಿ ಇಳಿಯುತ್ತಿದ್ದರು. ನಾನು ಒಮ್ಮೆಯೂ ಹತ್ತಲಿಲ್ಲ. ಅಮ್ಮನವರಿಗೆ ಏನು ಹೇಳುವುದು? ನಾನು ಕೆಡಿಸಿದ್ದು ಅಮ್ಮನವರ ಬದುಕನ್ನಲ್ಲವಲ್ಲ.

ಅಲ್ಲಿ ಎರಡು ವರ್ಷ ನಿಯಮದಂತೆಯೇ ನಡೆದೆ. ಮೂರನೆಯ ವರ್ಷ ಕೊಂಡಪಲ್ಲಿಯ ಕಡೆಯಿಂದ ಒಬ್ಬ ಹುಡುಗಿ ಆರನೇ ತರಗತಿಗೆ ಸೇರಿದಳು. ಅವಳ ಅಪ್ಪ ಇನ್‌ಹೇಲರನ್ನೂ ಫಾರಂ ಅನ್ನೂ ಮೇಜಿನ ಮೇಲಿಟ್ಟರು. ಈ ಸಲ ಮೊಹರು ಇತ್ತು, ಎಲ್ಲವೂ ಸರಿಯಾಗಿತ್ತು. ಕಪಾಟು ತೆರೆಯಲು ನನ್ನ ಕೈ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಅದನ್ನು ಹುಡುಗಿಯ ಕೈಗೇ ಕೊಟ್ಟು, "ನಿನ್ನ ಜೇಬಿನಲ್ಲಿರಲಿ. ಯಾರು ಕೇಳಿದರೂ ಕೊಡಬೇಡ" ಎಂದೆ. ಉಬ್ಬಸವಿದ್ದ ಉಳಿದ ಮಕ್ಕಳಿಗೂ ಅವರವರ ಇನ್‌ಹೇಲರ್ ಹಿಂದಿರುಗಿಸಿ, ರಿಜಿಸ್ಟರಿನಲ್ಲಿ 'ಮಗುವಿನ ಬಳಿಯೇ ಇರತಕ್ಕದ್ದು' ಎಂದು ಬರೆದು ಸಹಿ ಹಾಕಿದೆ. ಮೆಮೊ ಬಂತು. ಕಾರಣ ಕೇಳಿದ್ದರು. 'ಉಸಿರಿಗೆ ಕೀಲಿ ಹಾಕಲಾರೆ' ಎಂದು ಒಂದೇ ಸಾಲು ಬರೆದುಕೊಟ್ಟೆ. ಎರಡನೆಯ ಮೆಮೊಗೆ ಅದನ್ನೂ ಬರೆಯಲಿಲ್ಲ. ಈ ವರ್ಷದ ಆರಂಭದಲ್ಲಿ ನನ್ನನ್ನು ಮನೆಗೆ ಕಳಿಸಿದರು. ಆ ತಪ್ಪನ್ನು ನಾನು ಒಪ್ಪಿಕೊಳ್ಳುವುದಿಲ್ಲ, ಎಂದೂ. ನಾಳೆ ಕರೆದು ಕುರ್ಚಿ ಕೊಟ್ಟರೆ ನಾಳೆಯೂ ಅದನ್ನೇ ಮಾಡುತ್ತೇನೆ. ಆದರೆ ಅದರಿಂದ ಹಳೆಯದು ತೊಳೆದು ಹೋಯಿತೆಂದು ಭಾವಿಸುವಷ್ಟು ದಡ್ಡಿ ನಾನಲ್ಲ. ಅವರು ಬೇರೆ ಮಕ್ಕಳು. ಅದು ಬೇರೆ ದಿನ.

ಕೆಲಸ ಹೋದ ಮೇಲೆ ನರಸಮ್ಮನನ್ನು ಹುಡುಕಿಕೊಂಡು ವಿಶಾಖಪಟ್ಟಣಕ್ಕೆ ಹೋದೆ. ಗೋಪಾಲಪಟ್ನಂ ಕಡೆ ಒಂದು ಮದುವೆ ಹಾಲ್‌ನ ಹಿಂಭಾಗದಲ್ಲಿ ಅವಳು ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಲ್ಲಲಿಲ್ಲ, ಓಡಿಸಲೂ ಇಲ್ಲ. ನಾನು ನಿಂತೇ ಎಲ್ಲ ಹೇಳಿದೆ — ರಿಜಿಸ್ಟರು, ಸಮಯ, ನನ್ನ ಮಾತು. ಅವಳು ಮುಗಿಯುವವರೆಗೂ ಕೇಳಿ, "ಆ ಪಾಪ ತಲ್ಲಿಕಿ ಚೆಪ್ಪಾವಾ?" ಎಂದಳು. ಆ ಮಗುವಿನ ತಾಯಿಗೆ ಹೇಳಿದೆಯಾ ಎಂದು. ಹಿಂದೆ ಗೌರವದ 'ಅಂಡಿ' ಸೇರಿಸದೆ ಅವಳು ನನ್ನೊಡನೆ ಒಂದು ಮಾತೂ ಆಡಿದವಳಲ್ಲ.

ಇಲ್ಲ ಎಂದೆ.

"ಐತೇ ನಾಕೆಂದುಕು ಚೆಪ್ತಾವು? ನಾಕು ತೆಲುಸು ಕದಾ."

ಹಾಗಾದರೆ ನನಗ್ಯಾಕೆ ಹೇಳುತ್ತೀ, ನನಗೆ ಗೊತ್ತೇ ಇದೆಯಲ್ಲ. ಅಷ್ಟು ಹೇಳಿ ಮುಂದಿನ ಹಂಡೆಯನ್ನು ಎಳೆದುಕೊಂಡಳು. ನಾನು ಅಲ್ಲಿಂದ ಬಂದು ಈ ಕಾಗದಕ್ಕೆ ಕೂತೆ.

ಇನ್ನೂ ಒಂದು ಉಳಿದಿದೆ. ಇಷ್ಟು ಪುಟ ಅದನ್ನು ಹೇಳದೆ ತಪ್ಪಿಸಿಕೊಂಡೇ ಬಂದೆ. ಹೇಡಿತನ ಹಾಗೆಲ್ಲ ಒಂದೇ ಸಲಕ್ಕೆ ಬಿಡುವುದಿಲ್ಲ.

ಆ ಸಂಜೆ ಆಸ್ಪತ್ರೆಯ ಹಾಸಿಗೆಯ ಮೇಲೆ ಸಿಂಚನಾ ಮೂಗಿನ ಮಾಸ್ಕ್ ಸರಿಸಿ, "ಅಮ್ಮಾ, ಆಯಮ್ಮ ಕೊಟ್ಟಳು. ಆಂಟಿ ಫೋನ್ ಮಾಡ್ತಾನೇ ಇದ್ರು" ಎಂದಳು. ನಿಮಗೆ ನೆನಪಿರಲಿಕ್ಕಿಲ್ಲ. ನೀವು ನನ್ನತ್ತ ನೋಡಿದಿರಿ. ನಾನು ಅವಳ ಹಣೆ ಸವರಿ, "ಪಾಪ, ಆಗ ಅವಳಿಗೆ ಎಚ್ಚರ ಎಲ್ಲಿತ್ತು" ಎಂದೆ. ನೀವೂ, "ಇಲ್ಲವ್ವಾ, ಆಂಟಿನ ಕೊಟ್ಟಾರ. ಆಂಟಿಗೆ ಥ್ಯಾಂಕ್ಸ್ ಹೇಳು" ಎಂದಿರಿ. ಅವಳು ಒಂದು ಸಲ ನನ್ನ ಮುಖ ನೋಡಿದಳು, ಒಂದು ಸಲ ನಿಮ್ಮ ಮುಖ ನೋಡಿದಳು. ಆಮೇಲೆ, "ಥ್ಯಾಂಕ್ಸ್ ಆಂಟಿ" ಎಂದಳು.

ಅವಳಿಗೀಗ ಹದಿಮೂರು. ತನ್ನ ಕಣ್ಣೆದುರು ನಡೆದದ್ದನ್ನು ಇಬ್ಬರು ದೊಡ್ಡವರು ಸೇರಿ ಇಲ್ಲವೆಂದ ದಿನವನ್ನು ಅವಳು ಮರೆತಿದ್ದಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ನನಗೆ ಇನ್ನೆಂದೂ ಫೋನ್ ಮಾಡಬೇಡಿ, ಪರವಾಗಿಲ್ಲ. ಬೈಯುವುದಾದರೆ ನನ್ನ ಮನೆಗೇ ಬನ್ನಿ, ಬಾಗಿಲು ಹಾಕಿಕೊಳ್ಳುವುದಿಲ್ಲ. ಆದರೆ ಈ ಕಾಗದವನ್ನು ಅವಳಿಂದ ಬಚ್ಚಿಡಬೇಡಿ. ಅವಳು ಕನ್ನಡ ಓದಲು ತಡವರಿಸಿದರೆ ನೀವೇ ಪಕ್ಕದಲ್ಲಿ ಕೂತು ಜೋರಾಗಿ ಓದಿ ಹೇಳಿ.