ಸೋಸಿದ ಡೀಸೆಲ್

ಡೀಸೆಲ್ ವಾಸನೆ ಬಂದರೆ ನಿಮ್ಮಲ್ಲಿ ಬಹಳ ಜನರಿಗೆ ತಲೆ ನೋಯುತ್ತದೆ. ನನಗೆ ಮೂಡಲಗಿಯ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣೆದುರು ಬರುತ್ತದೆ: ಗೋಡೆಗೆ ಒರಗಿಸಿದ ಜೋಳದ ಚೀಲಗಳು, ಜಗಲಿಯ ಮೇಲೆ ಅಜ್ಜಿಯ ವಿಭೂತಿ ಗಟ್ಟಿ, ಅಂಗಳದ ಹಂದರದ ಕೆಳಗೆ ಶಿವಲಿಂಗ ಕಾಕಾನ ಕಾರು. ಕಾಕಾ ಎಂದರೆ ಅಪ್ಪನ ತಮ್ಮ. ಕಾರು ಕೊಲ್ಹಾಪುರದ ಕಡೆಯಿಂದ ತಂದದ್ದು, ಯಾವುದೋ ಪರದೇಶದ್ದು, ಡೀಸೆಲ್ ಕುಡಿಯುವ ಮುದಿಗಾಡಿ. ಅದು ಚಾಲೂ ಆದರೆ ಮೂರು ಓಣಿಯ ಎಮ್ಮೆಗಳು ಅಂದು ಹಾಲು ಕೊಡುತ್ತಿರಲಿಲ್ಲ. ನಾಲ್ಕು ಓಣಿ ಎನ್ನಬಹುದಿತ್ತು, ಆದರೆ ನಾಲ್ಕನೆಯ ಓಣಿಯಲ್ಲಿ ಎಮ್ಮೆಗಳೇ ಇರಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳವು. ನನಗೆ ಹದಿನಾಲ್ಕು. ಕಾಕಾನ ಬೆನ್ನು ಹತ್ತಿ ಇಂಜಿನ್ ಬಗ್ಗೆ ಎರಡು ಮಾತು ಕಲಿತು, ಶಾಲೆಯಲ್ಲಿ ಅವನ್ನೇ ಇಪ್ಪತ್ತು ಮಾಡಿ ಹೇಳುತ್ತಿದ್ದೆ.

ನನ್ನ ಅಕ್ಕ ನೀಲವ್ವ ಹಾಗಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಮಾತು ಕಡಿಮೆ, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಲ್ಲಿ ಊರಿಗೇ ಮೊದಲು ಬಂದವಳು. ಶಾಲೆಯಲ್ಲಿ ಕಲಿಸುವ ನೌಕರಿಗೆಂದು ಹುಕ್ಕೇರಿಯ ಕಚೇರಿಯಿಂದ ಅವಳಿಗೆ ಸಂದರ್ಶನದ ಕರೆ ಬಂದಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಹಾಜರಿರಬೇಕು. ಇತ್ತ ಕೊಣ್ಣೂರಿನ ಒಂದು ಮನೆತನ ಅವಳನ್ನು ನೋಡಿ ಒಪ್ಪಿ ಕಾಯುತ್ತಿತ್ತು. ಅಪ್ಪ ಊಟದ ತಟ್ಟೆಯಿಂದ ಕಣ್ಣೆತ್ತದೆ ಹೇಳಿದ್ದ: "ಒಂದ ಸಲ ಹೋಗಿ ಬಾ. ಆತಂದ್ರ ನೌಕರಿ ಮಾಡು. ಆಗಲಿಲ್ಲಂದ್ರ ಮುಂದಿನ ಮಾತು ಲಗ್ನದ್ದ." ಬಸ್ಸಿಗೆ ಹೋಗುತ್ತೇವೆಂದರೆ ಕಾಕಾ ಕೇಳಲಿಲ್ಲ. "ಮನ್ಯಾಗ ಮೋಟಾರ ಇಟಗೊಂಡು, ನಮ್ಮ ಹುಡುಗಿ ಕೋಳಿ ಬುಟ್ಟಿ ಬಾಜೂ ಕುಂತು ಹೋಗಬೇಕನ?"

ಹಿಂದಿನ ದಿನ ಡೀಸೆಲ್ ತುಂಬುವ ಕೆಲಸವನ್ನು ನಾನೇ ಕಾಡಿಬೇಡಿ ಪಡೆದೆ. ಕಾಕಾ ತಂತಿ ಜಾಲರಿಯ ಲಾಳಿಕೆ ಕೊಟ್ಟು ಹೋದ. ನಮ್ಮ ಮನೆಯಲ್ಲಿ ಅರಿವೆಯಲ್ಲಿ ಸೋಸದ ನೀರು ಲಿಂಗಪೂಜೆಗೆ ಸಲ್ಲುತ್ತಿರಲಿಲ್ಲ. ಕುಡಿಯುವ ನೀರಿಗೂ ಕಬ್ಬಿನ ಹಾಲಿಗೂ ಅರಿವೆಯೇ. ಅಕ್ಕನ ಇಂಥ ಪ್ರಯಾಣಕ್ಕೆ ಬರೀ ಜಾಲರಿ ಸಾಕೇ? ಲಾಳಿಕೆಯನ್ನು ಬದಿಗಿಟ್ಟು, ಅಜ್ಜನ ಸವೆದ ಧೋತರವನ್ನು ನಾಲ್ಕು ಮಡಿಕೆ ಮಾಡಿ ಟಾಕಿಯ ಬಾಯಿಗೇ ಕಟ್ಟಿದೆ. ಎಣ್ಣೆ ಇಳಿಯದಿದ್ದಾಗ ಉಜ್ಜಿದೆ, ಹಿಂಡಿದೆ. ಆಮೇಲೆ ಓಣಿಯಲ್ಲೆಲ್ಲ, ನಮ್ಮ ಕಾರು ನಾಳೆ ಮಡಿಯಲ್ಲಿ ಹೋಗುತ್ತದೆ ಎಂದು ಸಾರಿದೆ.

ಗೋಕಾಕ ದಾಟುವವರೆಗೆ ಕಾರು ಸರಿಯಾಗಿಯೇ ಓಡಿತು. ಕೊಣ್ಣೂರು ಕಾಣುವ ಏರಿನಲ್ಲಿ ಕೆಮ್ಮಿತು, ನಡುಗಿತು, ನಿಂತಿತು. ಬೀಗರಾಗಲು ಕಾದವರ ಊರ ಮುಂದೆಯೇ. ಕಾಕಾ ಬಾನೆಟ್ ಎತ್ತಿ, "ಗಾಳಿ ಹೊಕ್ಕೈತಿ," ಎಂದ. ಅಂಥ ಇಂಜಿನ್‌ಗೆ ಪಂಪು ಒತ್ತಡದಿಂದ ಎಣ್ಣೆ ದೂಡಬೇಕು. ಕೊಳವೆಯಲ್ಲಿ ಒಂದು ಗುಳ್ಳೆ ಇದ್ದರೂ ಒತ್ತಡ ಬಿದ್ದುಹೋಗುತ್ತದೆ. ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದ. ನೊರೆ ಬಂತು, ನೊರೆ ಹೋಗಿ ಎಣ್ಣೆ ಬಂತು, ಸ್ಕ್ರೂ ಬಿಗಿದ, ಚಾಲೂ ಆಯಿತು. ಅಷ್ಟರಲ್ಲಿ ಹುಕ್ಕೇರಿಯ ಬಸ್ಸು ಬಂದು ನಿಧಾನಿಸಿತು. ಇಂಜಿನ್ ಓಡುತ್ತಿದ್ದ ಹುರುಪಿನಲ್ಲಿ ಕಾಕಾ ರಾಜನಂತೆ ಕೈಮಾಡಿ ಅದನ್ನು ಮುಂದೆ ಕಳಿಸಿದ. ಬಸ್ಸು ತಿರುವು ದಾಟಿತು. ನಾವು ಒಂದು ಫರ್ಲಾಂಗು ಹೋಗಿ ನಿಂತೆವು.

"ಹಿಂದಿಂದ ಎಣ್ಣಿ ಬರವಲ್ದು," ಎಂದು ಕಾಕಾ ನನ್ನ ಕಡೆ ತಿರುಗಿದ. "ಗಂಗೀ, ಜಾಲರಿ ಇಟ್ಟ ಹಾಕೀಯಿಲ್ಲೋ?"

"ಹೂಂನ್ರಿ ಕಾಕಾ."

ಆ ಒಂದು ಮಾತನ್ನು ನಂಬಿ ಅವನು, ವಾರದ ಹಿಂದಷ್ಟೇ ತೊಳೆದಿದ್ದ ಕೈಪಂಪಿನ ಬುಡದ, ಎಣ್ಣೆ ಸೋಸುವ ಪುಟ್ಟ ಜಾಳಿಗೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಬಿಚ್ಚಿದ. ಫಿಲ್ಟರ್ ಬಿಚ್ಚಿದ, ಸಿಲಿಂಡರಿಗೆ ಹೋಗುವ ಪೈಪುಗಳ ನಟ್ಟು ಒಂದೊಂದಾಗಿ ಸಡಿಲಿಸಿದ, ಟಾಕಿಯ ಕೊಳವೆಗೆ ಬಾಯಿ ಹಚ್ಚಿ ಊದಿ ಕೆಮ್ಮಿದ. ನನಗೆ ಗೊತ್ತಿತ್ತು. ಅವನು ಬಿಚ್ಚಿಕೊಟ್ಟದ್ದನ್ನೆಲ್ಲ ಬೊಗಸೆಯಲ್ಲಿ ಹಿಡಿದುಕೊಂಡು ನಿಂತಿದ್ದೆ. ನೀಲಕ್ಕ ಕಾರಿನಿಂದ ಇಳಿಯಲಿಲ್ಲ. ಕರೆಯ ಕಾಗದವನ್ನು ಮೊಣಕಾಲ ಮೇಲಿಟ್ಟು ಅದರ ಮಡಿಕೆ ತೀಡುತ್ತ, ಆಗಾಗ ಒಂದೇ ದನಿಯಲ್ಲಿ ಕೇಳುತ್ತಿದ್ದಳು: "ಎಷ್ಟಾತ್ರಿ ಕಾಕಾ?" ಹತ್ತಾಗಿತ್ತು. ಹತ್ತೂವರೆಯಾಯಿತು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಅದನ್ನು ತಡೆಯಲಾಗಲಿಲ್ಲ ನನಗೆ.

"ಕಾಕಾ, ನಾ ಜಾಲರಿ ಇಡಲಿಲ್ರಿ. ಅಜ್ಜನ ಧೋತರದಾಗ ಸೋಸೀನಿ."

ಕಾಕಾ ಬೈಯಲಿಲ್ಲ. ಕೈಪಂಪಿನ ಬುಡದ ಹಿತ್ತಾಳೆ ಬಿರಡೆ ತಿರುವಿದ. ಹೆಬ್ಬೆರಳಿನಷ್ಟು ಜಾಳಿಗೆಗೆ ಅರಳೆಯ ಟೊಪ್ಪಿಗೆ ಹಾಕಿದಂತೆ ನೂಲು ಮುತ್ತಿತ್ತು. "ನಿಮ್ಮಜ್ಜ ಇದನ್ನ ಉಟಗೊಂಡಾಗೂ ನನಗ ಇಷ್ಟ ತ್ರಾಸ ಕೊಟ್ಟಿದ್ದಿಲ್ಲ," ಎಂದು ಉಗುರಿನಿಂದ ಕೆರೆದು ತೆಗೆದ. ಬಿಚ್ಚಿದ್ದನ್ನೆಲ್ಲ ಜೋಡಿಸುವಷ್ಟರಲ್ಲಿ ಹನ್ನೊಂದು ದಾಟಿತ್ತು. ಕಾರು ಮಾತ್ರ ಆಮೇಲೆ ಒಮ್ಮೆಯೂ ಕೆಮ್ಮಲಿಲ್ಲ.

ಹುಕ್ಕೇರಿಯ ಕಚೇರಿಯ ಕಾರಕೂನ ಕಾಗದ ನೋಡಿ ಹಿಂದಿರುಗಿಸಿದ. "ಮೂರ ಸಲ ಹೆಸರು ಕೂಗೀವಿ, ತಂಗಿ. ಸಾಹೇಬರು ಎದ್ದ ಹೋದ್ರು." ಅಕ್ಕ ಅವನಿಗೆ ಕೈಮುಗಿದು ಮೆಟ್ಟಿಲಿಳಿದಳು.

ಮನೆಯಲ್ಲಿ ಅಪ್ಪ ಹೊಸ್ತಿಲಲ್ಲೇ ನಿಂತಿದ್ದ. ಏನಾಯಿತೆಂದು ಕೇಳಿದ. ಕಾಕಾ ಬಾಯಿ ತೆರೆದ. ನಾನು ಕಣ್ಣು ಮುಚ್ಚಿದೆ. ಇಬ್ಬರಿಗಿಂತ ಮೊದಲು ಅಕ್ಕನ ದನಿ ಕೇಳಿಸಿತು: "ಅವರು ಕೇಳಿದ್ದಕ್ಕ ಉತ್ತರ ಬರಲಿಲ್ಲಪ್ಪಾ ನನಗ."

ಮುಂದಿನ ಮಾಘದಲ್ಲಿ ಅಕ್ಕನನ್ನು ಕೊಣ್ಣೂರಿಗೆ ಕೊಟ್ಟರು. ಅವಳ ಅತ್ತೆ ಸಿಟ್ಟು ಬಂದಾಗಲೆಲ್ಲ ಉತ್ತರ ಬಾರದೆ ಬಂದವಳು ಎಂದು ಹಂಗಿಸುತ್ತಿದ್ದಳಂತೆ. ಅಕ್ಕ ರೊಟ್ಟಿ ಬಡಿಯುತ್ತಲೇ ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ನಮ್ಮ ಮನೆ ಪಾಲಾಗಿ, ಗೋಡೆ ಒಡೆದು, ಅಲ್ಲೀಗ ಅಂಗಡಿಗಳಿವೆ. ಕಾಕಾ ಹೋದ. ಹೋದ ವರ್ಷ ಅಕ್ಕನೂ ಹೋದಳು. ಅವಳ ದಿನಕರ್ಮದ ಊಟಕ್ಕೆ ಕೂತಾಗ ಯಾರೋ ನಗುತ್ತ ಆ ಹಳೆಯ ಮಾತೆತ್ತಿದರು. ಅಕ್ಕನ ಮೊಮ್ಮಗಳು ನನ್ನ ಕಡೆ ತಿರುಗಿದಳು. "ಸಣ್ಣಜ್ಜಿ, ಅಜ್ಜಿಗೆ ಖರೇನ ಒಂದೂ ಉತ್ತರ ಬರಲಿಲ್ಲನ?"

ಎಲ್ಲರೂ ಕೇಳುವಂತೆ ನಾನು ಹೇಳಿದೆ: "ಅಲ್ಲಿ ಆಕಿನ್ನ ಯಾರೂ ಏನೂ ಕೇಳಲೇ ಇಲ್ಲ, ಮಗಳ."