ಫಾರ್ಮ್ಯಾಟ್ ಪ್ರಾಬ್ಲಮ್ಮು

ನನಗೊಂದು ಕೆಟ್ಟ ಚಟವಿದೆ. ಫೋನಿನಲ್ಲಿ ಹಾಡು ಕೇಳಲು ನಾನು ಬಳಸುವ ಪ್ಲೇಯರನ್ನೇ ಊರೆಲ್ಲ ಬಳಸಬೇಕು. ಅದನ್ನು ಮಾಡಿದ ಪುಣ್ಯಾತ್ಮರು ನನಗೆ ಅರ್ಧ ಲೋಟ ಟೀ ಕೂಡ ಕುಡಿಸಿದವರಲ್ಲ. ಆದರೂ ಹೊಸದುರ್ಗದಲ್ಲಿ ಸಿಕ್ಕಸಿಕ್ಕವರ ಫೋನು ಕಿತ್ತುಕೊಂಡು ಹಾಕಿಕೊಡುತ್ತೇನೆ. ಎಂಥ ಹಾಡನ್ನಾದರೂ ನುಡಿಸುತ್ತದೆ ಎಂಬುದು ನನ್ನ ಮಂತ್ರ. ಈಚೆಗೆ ನೆಂಟರು ನನ್ನನ್ನು ಕಂಡರೆ ಮೊದಲು ಫೋನನ್ನು ಜೇಬಿಗಿಳಿಸಿ ಆಮೇಲೆ ನಮಸ್ಕಾರ ಹೇಳುತ್ತಾರೆ.

ಹೀಗೆ ಕೈಗೆ ಸಿಕ್ಕವನು ನನ್ನ ವಾರಿಗೆಯ ಮತ್ತೋಡಿನ ಕರಿಯಪ್ಪ. ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ಮಂದೆ ಹಾಕುವವನು. ಮಗಳ ಮದುವೆಯಲ್ಲಿ ಹೆಂಡತಿ ಗೌರಮ್ಮ ಹಾಡಿದ ಸೋಬಾನೆಯನ್ನು ಬಟನ್ ಫೋನಿನಲ್ಲಿ ಹಿಡಿದಿಟ್ಟು, ಹತ್ತು ವರ್ಷ ಕುರಿಗಳ ಹಿಂದೆ ಅದನ್ನೇ ಕೇಳುತ್ತ ಅಲೆದಿದ್ದ. ಆ ಫೋನು ಕೆಟ್ಟಿತು. ಮೆಮೊರಿ ಕಾರ್ಡನ್ನು ಹೊಸ ಫೋನಿಗೆ ಹಾಕಿದರೆ ಹಾಡಿನ ಹೆಸರು ಕಾಣುತ್ತದೆ, ದನಿಯಿಲ್ಲ. ನನ್ನ ಸರ್ವಶಕ್ತ ಪ್ಲೇಯರ್ ಕೂಡ ಈ ಫಾರ್ಮ್ಯಾಟ್ ತನಗಾಗದು ಎಂದು ಕೈಯೆತ್ತಿತು. ದುರ್ಗದ ಬಂಡೆಯ ಮೇಲಿನ ಶಾಸನ ಓದಲಿಕ್ಕಾದರೂ ಪಂಡಿತರು ಸಿಗುತ್ತಾರೆ. ಹತ್ತು ವರ್ಷದ ಸೋಬಾನೆಗೆ ಗತಿಯಿಲ್ಲ.

ಸೋತರೂ ನಾನು ಗತ್ತು ಬಿಡಲಿಲ್ಲ. "ಫಾರ್ಮ್ಯಾಟ್ ಪ್ರಾಬ್ಲಮ್ಮು ಕಣಪ್ಪ. ಬೇರೆ ಫಾರ್ಮ್ಯಾಟ್ ಮಾಡಿಸ್ಬೇಕು" ಎಂದೆ.

ಹಾಡನ್ನು ಬೇರೆ ಬಗೆಯ ಫೈಲಾಗಿ ಬದಲಿಸಬೇಕೆಂಬುದು ನನ್ನ ಇಂಗಿತ. ಆದರೆ ನಮ್ಮ ಕಡೆ ಆ ಮಾತಿಗಿರುವುದು ಒಂದೇ ಅರ್ಥ. ಫೋನು ಹಟ ಮಾಡಿದರೆ ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಹೊಡೆಸುವುದು. ಒಳಗಿದ್ದುದೆಲ್ಲ ಅಳಿಸಿಹೋಯಿತೆಂಬುದು ಆಮೇಲೆ ತಿಳಿಯುವ ವಿಷಯ. ಕರಿಯಪ್ಪ ಹೋಗಿ, "ಈ ಕಾರ್ಡಿಗೆ ಫಾರ್ಮ್ಯಾಟ್ ಹೊಡೀರಿ" ಎಂದ. ಅಂಗಡಿಯವನು ಹೊಡೆದುಕೊಟ್ಟ.

ಮರುದಿನ ಗಂಡ ಹೆಂಡತಿ ಇಬ್ಬರೂ ಬಂದರು. "ನಿಮ್ ಪ್ಲೇಯರ್ನಾಗೆ ಈಗ ಎರರ್ ಬರಲ್ಲ ಸಾರ್. ಹಾಡೂ ಇಲ್ಲ" ಎಂದ ಕರಿಯಪ್ಪ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ.

ಗೌರಮ್ಮ ಗಂಡನ ಕಡೆ ತಿರುಗಿದರು. "ಹಾಡು ಹೋದ್ರೆ ಹೋತು. ಹಾಡಿದೋಳು ಇಲ್ಲೇ ಅದೀನಲ್ಲ! ಹತ್ತು ವರ್ಷದಾಗೆ ಒಂದಿನಾದ್ರೂ ಇನ್ನೊಂದ್ಸಾರಿ ಹಾಡು ಅಂದಿದೀಯಾ?"

ಕರಿಯಪ್ಪ ಪೆಚ್ಚಾದ. ನಾನು ಮಾತ್ರ ಬುದ್ಧಿ ಬಾರದೆ, ಈ ಸಲ ಒಳ್ಳೆಯ ಫಾರ್ಮ್ಯಾಟಿನಲ್ಲೇ ರೆಕಾರ್ಡ್ ಮಾಡೋಣವೆಂದು ಫೋನು ತೆಗೆದೆ.

"ಅದನ್ನ ಒಳಗಿಡ್ರಿ ಸಾರ್. ಮೊದ್ಲು ಈವಯ್ಯ ಕೇಳ್ಲಿ" ಎಂದರು ಗೌರಮ್ಮ.

ಕರಿಯಪ್ಪ ಮೊದಲು ಬಾಯಿಬಿಟ್ಟು ಕೇಳಿದ. ಆಮೇಲೆ ಕಿವಿಗೊಟ್ಟು ಕೇಳಿದ.