ಪ್ರಶ್ನೆಗಳ ಗುತ್ತೇದಾರ

ನನಗೊಂದು ಚಟ ಐತಿ, ಹೇಳ್ಕೊಳ್ಳಾಕ ನಾಚಿಕಿ ಏನಿಲ್ಲ. ಎಲಿ-ಅಡಿಕಿ ಅಲ್ಲ, ಇಸ್ಪೀಟೂ ಅಲ್ಲ. ಭಾಷಣ ಕೇಳೂ ಚಟ. ಅದೂ ಎಂಥಾ ಭಾಷಣ? ನಿಮ್ಮೊಳಗಿನ ಶಕ್ತಿ ಗುರುತಿಸ್ರಿ, ಬದುಕಿಗೊಂದು ಗುರಿ ಇಟ್ಕೋರಿ, ನೀವು ಬದಲಾದ್ರ ಸಮಾಜ ಬದಲಾಗತೈತಿ ಅಂತ ಮೈಕ್ ಹಿಡದು ವೇದಿಕಿ ತುಂಬ ಅಡ್ಡಾಡಿ ಹೇಳ್ತಾರಲ್ಲ, ಅಂಥಾದ್ದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಈ ನಾಕರಾಗ ಎಲ್ಲೇ ಬ್ಯಾನರ್ ಕಟ್ಟಿರಲಿ, ಮುಂದಿನ ಸಾಲಿನಾಗ ನಾ ಕುಂತಿರ್ತೇನಿ. ಕೇಳಿ ಹೊರಗ ಬರೂವಾಗ ಮೈಯಾಗ ಕರೆಂಟು ಹರದಂಗ ಆಗಿರತೈತಿ. ಮೂರು ದಿನ ಮನ್ಯಾಗ ನನ್ನ ಹಿಡಿಯಾವ್ರಿಲ್ಲ. ಯೋಗಾಸನ ಹಾಕ್ತೇನಿ, ಟಿವಿ ಬಂದ್ ಮಾಡ್ತೇನಿ, ಸಕ್ರಿ ಬಿಡ್ತೇನಿ. ನಾಕನೇ ದಿನ ನಮ್ಮ ಮನಿಯಾಕಿ ಶಾಂತಾ ಚಹಾಕ್ಕ ಎರಡು ಚಮಚ ಸಕ್ರಿ ಹಾಕಿ ಮುಂದ ಇಡ್ತಾಳ. ನಾನೂ ತಳ ಕಾಣೂತನಾ ಕುಡೀತೇನಿ.

ಈ ಚಟ ಯಾಕ ಹತ್ತಿತು ಅಂದ್ರ, ನನ್ನ ನಾಲಿಗಿ ತೊದಲತೈತಿ. ಸಣ್ಣಾಂವ ಇದ್ದಾಗಿಂದ. ಅದರಾಗೂ 'ಪ' ಮತ್ತ 'ಕ', ಇವೆರಡೂ ನನ್ನ ಜನ್ಮದ ವೈರಿ. ಪೇಪರ್ ಮಿಲ್ಲಿನಾಗ ಮೂವತ್ತು ವರ್ಷ ದುಡದೆ. ಎಲ್ಲಿ ಕೆಲಸ ಅಂತ ಯಾರರೆ ಕೇಳಿದ್ರ ಬರೇ 'ಮಿಲ್ಲಿನಾಗ' ಅಂತಿದ್ದೆ. ಕುಳಗಿಗೆ ಹೋಗೂದಿದ್ರ ಕಂಡಕ್ಟರ್ ಮುಂದ ಊರ ಹೆಸರ ಬಾಯಿಂದ ಹೊರಡ್ತಿರಲಿಲ್ಲ. ಅದಕ್ಕ ಅಂಬಿಕಾನಗರಕ್ಕ ತಿಕೀಟು ತಗಸಿ ನಡುವ ಕುಳಗಿಯಾಗ ಇಳೀತಿದ್ದೆ. ನಿಮ್ಮ ಊರು ಇನ್ನೂ ಮುಂದೈತ್ರಿ ಅಂತ ಪಾಪ ಕಂಡಕ್ಟರ್ ಕಾಳಜಿಲೆ ಕೂಗಿದ್ರ, ಕಿವುಡನ ಸೋಗು ಹಾಕಿ ನಡದುಬಿಡ್ತಿದ್ದೆ. ಮನ್ಯಾಗ ಮಾತ್ರ ನನ್ನ ಮಾತು ಸರಾಗ ಹರಿತೈತಿ, ಶಾಂತಾಗ ಅದ ಒಂದು ತ್ರಾಸು. ಇಂಥವಗ, ಒಂದೂವರಿ ತಾಸು ಎಲ್ಲೂ ಎಡವದ ಮಾತಾಡೂ ಮನಶ್ಯಾನ ಕಂಡ್ರ ಹೆಂಗಾಗಬ್ಯಾಡ, ನೀವ ಹೇಳ್ರಿ. ಹಸದಾಂವ ಮಂದಿ ಊಟ ನೋಡಿದಂಗ ಕುಂತು ನೋಡ್ತಿದ್ದೆ.

ಹಂಗಂತ ಎಲ್ಲಾ ಭಾಷಣ ನಮ್ಮ ಕಡೆ ನಡಿಯಂಗಿಲ್ಲ ಬಿಡ್ರಿ. ಒಬ್ಬರು ದೊಡ್ಡ ಪಟ್ಟಣದಿಂದ ಬಂದಿದ್ರು. ದಿನಾ ನಸುಕಿನ ಐದಕ್ಕ ಏಳಾವ್ರು ಯಾರ್ಯಾರದೀರಿ, ಕೈ ಎತ್ರಿ ಅಂದ್ರು. ಒಬ್ಬರೂ ಎತ್ತಂಗಿಲ್ಲ, ಆಮ್ಯಾಲ ಚಲೋತ್ನಾಗಿ ಬೈದು ಬುದ್ಧಿ ಹೇಳೂಣು ಅಂತ ಅವರ ಲೆಕ್ಕ. ಇಲ್ಲಿ ಕುಂತಾವ್ರೆಲ್ಲ ಮೊದಲನೇ ಪಾಳಿ ದುಡದು ಬೆಳೆದ ಮಂದಿ, ಹೆಂಗಸರು ಅವರಕಿಂತ ಮೊದಲ ಎದ್ದು ಡಬ್ಬಿ ಕಟ್ಟಿದಾವ್ರು. ಇಡೀ ಸಭಾ ಕೈ ಎತ್ತಿತು. ಅವರ ಭಾಷಣದ ಅರ್ಧ ಅಲ್ಲೇ ಹೋತು. ಜೋಯಿಡಾದಾಗ ಇನ್ನೊಬ್ಬರು, ದಿನಾ ಒಂದು ತಾಸರೆ ಅಡವಿಯಾಗ ಕಳೀರಿ, ಮನಸ್ಸು ಹಗುರಾಗತೈತಿ ಅಂದ್ರು. ನನ್ನ ಬಾಜೂಕ ಕುಂತಿದ್ದ ಕೊಂಕಣಿ ಮಾತಾಡೂ ಅಜ್ಜಿ, ತಾನು ಬಸ್ಸಿಗೆ ಅಂತ ಎರಡು ತಾಸು ಅಡವಿ ದಾಟಿ ಬಂದಾಕಿ, ನನ್ನ ಮಾರಿ ನೋಡಿ ಸೆರಗಿನಾಗ ಬಾಯಿ ಮುಚ್ಚಿಕೊಂಡ್ಳು.

ನಿವೃತ್ತ ಆದ ಮ್ಯಾಲ ನಾವು ಏಳೆಂಟು ಗೆಳೆಯರು ಸೇರಿ ತಿಂಗಳಿಗೊಂದು ಭಾಷಣ ನಾವ ಇಡಸಾಕ ಸುರು ಮಾಡಿದ್ವಿ. ಮೊದಲನೇ ಸಲ ಭಾಷಣ ಮುಗೀತು, ಯಾರರೆ ಪ್ರಶ್ನೆ ಕೇಳ್ರಿ ಅಂತ ಭಾಷಣಕಾರರು ಅಂದ್ರು. ಮಂದಿ ತಲಿ ತಗ್ಗಿಸಿ ತಮ್ಮ ತಮ್ಮ ಚಪ್ಪಲಿ ನೋಡಾಕ ಹತ್ತಿದ್ರು. ಬಂದ ಅತಿಥಿ ಮಾರಿ ಸಣ್ಣದಾತು. ಹಿಂಗಾಗಬಾರದು ಅಂತ ಮರುದಿನ ನಮ್ಮ ಈರಣ್ಣ ಒಂದು ಉಪಾಯ ತಗದ. ಈರಣ್ಣ ಅಂದ್ರ ನನ್ನ ಜೊತಿ ಒಂದ ಪಾಳಿಯಾಗ ದುಡದಾಂವ. ಮೈಕ್ ಇಲ್ಲದ ಹೊಳಿ ಆಚೆ ದಂಡಿಗೆ ಕೇಳಸೂವಂಥಾ ಗಂಟಲು. ಮೊದಲ ಮೂರು ಪ್ರಶ್ನೆ ಚೀಟಿಯಾಗ ಬರೆದು ಮೂರು ಮಂದಿ ಕೈಯಾಗ ಕೊಟ್ಟು ಕೂಡಸೂದು, ಅವನ್ನ ಭಾಷಣಕಾರರಿಗೂ ಮುಂಚೇನ ತೋರಿಸೂದು ಅಂದ. ಬರೆಯಾವ್ರು ಯಾರು? ಎಲ್ಲಾರೂ ನನ್ನ ಕಡೆ ನೋಡಿದ್ರು. ಅವತ್ತಿಂದ ನಾನು ಪ್ರಶ್ನೆಗಳ ಗುತ್ತೇದಾರ.

ಇದನ್ನ ಮೋಸ ಅನಬ್ಯಾಡ್ರಿ. ನಮ್ಮವ್ವ ಕತಿ ಹೇಳೂವಾಗ 'ಹೂಂ' ಅನ್ನಾವ್ರು ಒಬ್ಬರು ಬೇಕಾಗಿತ್ತು. ಹೂಂಗುಟ್ಟೂದು ನಿಂತ್ರ ರಾಜಕುಮಾರ ಕುದುರಿ ಮ್ಯಾಲ ಅಲ್ಲೇ ನಿಂತಬಿಡ್ತಿದ್ದ. ಹಳೇ ಶಾಸ್ತ್ರದ ಪುಸ್ತಕ ತಗದು ನೋಡ್ರಿ, ಶಿಷ್ಯ ಕೇಳೂತನಾ ಗುರು ಬಾಯಿ ಬಿಡಂಗಿಲ್ಲ. ಆ ಶಿಷ್ಯನ ಪ್ರಶ್ನೆ ಬರೆದಾಂವ ಸೈತ ಗುರುನ ಇರಬೇಕು ಅಂತ ನನಗ ಬಲವಾದ ಸಂಶಯ ಐತಿ. ಅಂದಮ್ಯಾಲ ನಂದೇನು ದೊಡ್ಡ ತಪ್ಪು?

ಒಮ್ಮೆ ಮಾತ್ರ ಬಣ್ಣ ಬಯಲಾತು. ಮುಂಡಗೋಡದ ಕಡೆ ಕಾರ್ಯಕ್ರಮ. ಸನವಳ್ಳಿಯ ರೈತರೊಬ್ಬರಿಗೆ ಎರಡನೇ ಚೀಟಿ ಕೊಟ್ಟಿದ್ದೆ, ಮರೀಬಾರದು ಅಂತ ಸೂಚನಾ ಮ್ಯಾಲೇ ಬರದಿದ್ದೆ. ಅವರು ಎದ್ದು ನಿಂತು, ಮೂಗಿಗೆ ಚಾಳೀಸು ಏರಿಸಿ, ಒಂದಕ್ಷರ ಬಿಡದ ಓದಿದ್ರು: "ಎರಡನೇ ಪ್ರಶ್ನೆ. ಎದ್ದು ನಿಂತು, ಸ್ವಂತ ಕೇಳಿದಂಗ ಕೇಳಬೇಕು. ಯಶಸ್ಸಿನ ಗುಟ್ಟೇನು?" ಭಾಷಣಕಾರರೂ ಪುಣ್ಯಾತ್ಮರು, ಬಹಳ ಒಳ್ಳೆ ಪ್ರಶ್ನೆ ಅಂದ್ರು.

ಎಂಟು ವರ್ಷ ಹಿಂಗ ನಡೀತು. ಮುನ್ನೂರರ ಹತ್ತಿರ ಪ್ರಶ್ನೆ ಬರದೇನಿ. ಮಂದಿ ನನ್ನ ಪ್ರಶ್ನೆ ಕೇಳಿ ಚಪ್ಪಾಳಿ ತಟ್ಟಿಸಿಕೊಂಡಾರ, ನನ್ನ ಚೀಟಿ ಓದಿದ ಈರಣ್ಣನ ಫೋಟೋ ಪೇಪರಿನಾಗೂ ಬಂದೈತಿ. ಆದರ ಒಂದೂ ನನ್ನ ಬಾಯಿಂದ ಬಂದಿದ್ದಲ್ಲ. ಖರೇ ಹೇಳ್ತೇನಿ, ಅದು ನನ್ನ ಒಳಗ ಸುಡ್ತಿತ್ತು. ಆತ್ಮವಿಶ್ವಾಸದ ಮ್ಯಾಲ ಅಷ್ಟು ಭಾಷಣ ಕೇಳಿದಾಂವ ನಾಕು ಮಂದಿ ಮುಂದ ಎದ್ದು ನಿಂದರಾಕ ಹೆದರ್ತಾನಂದ್ರ ಎಷ್ಟು ನಾಚಿಕಿಗೇಡು. ನನ್ನ ಅಂಗಿ ಕಿಸೆದಾಗ ನಾಕನೇ ಚೀಟಿ ಒಂದು ಕಾಯಂ ಇರ್ತಿತ್ತು. ಅದು ನನ್ನ ಸ್ವಂತ ಪ್ರಶ್ನೆ. ಶಾಂತಾ ಅಂಗಿ ಒಗಿಯೂ ಮೊದಲ ಅದನ್ನ ತಗದು ಕಿಟಕ್ಯಾಗ ಇಡ್ತಿದ್ಲು, ನಾ ಮರುದಿನ ಬ್ಯಾರೆ ಅಂಗಿಗೆ ಹಾಕ್ಕೋತಿದ್ದೆ. ಒಂದು ದಿನವೂ ಏನು ಇದು ಅಂತ ಕೇಳಲಿಲ್ಲ. ತಿದ್ದಿ ತಿದ್ದಿ ಅದರಾಗಿನ 'ಪ' ಎಲ್ಲಾ ತಗದಿದ್ದೆ. 'ಕ' ಮಾತ್ರ ಎರಡು ಉಳದಿದ್ವು, ಏನು ಮಾಡಿದ್ರೂ ಹೋಗಲಿಲ್ಲ.

ಹೋದ ವರ್ಷ ದಾಂಡೇಲಿಯಾಗ ನಮ್ಮದ ಕಾರ್ಯಕ್ರಮ. ಹುಬ್ಬಳ್ಳಿ ಕಡೆಯಿಂದ ಬಂದಾವ್ರು ಬದುಕಿನ ಉದ್ದೇಶದ ಮ್ಯಾಲ ಮಾತಾಡಿದ್ರು. ಏನು ಮಾತು ಅಂತೀರಿ! ನನಗ ಕುಂತಲ್ಲೇ ಮೈ ಜುಮ್ ಅಂದಿತು. ಮೂರು ಚೀಟಿ ಮುಗದ್ವು, ಮೂರಕ್ಕೂ ತಯಾರ ಮಾಡ್ಕೊಂಡು ಬಂದ ಉತ್ತರ ಸರಸರ ಬಂದ್ವು. ವಂದನಾರ್ಪಣೆ ಅಂತ ಈರಣ್ಣ ಏಳೂದ್ರಾಗ, ನೋಡ್ತೇನಿ, ನಾ ಎದ್ದು ನಿಂತಬಿಟ್ಟೇನಿ. ಕಾಲು ಯಾವಾಗ ಎದ್ದವೋ ನನಗ ಗೊತ್ತಿಲ್ಲ.

ಮೈಕ್ ಕೈಗೆ ಬಂತು. 'ನೀವು ಊರೂರಿಗೆ ಹೋಗಿ ನಮಗ ಧೈರ್ಯ ಹೇಳ್ತೀರಿ' ಅನ್ನೂತನಾ ಹೆಂಗೋ ಹೋತು. ಮುಂದ ಮೊದಲನೇ 'ಕ' ಬಂತು, ಗಂಟಲಕ್ಕ ಕೀಲಿ ಬಿತ್ತು. ನಾಲಿಗಿ ಅಂಗುಳಕ್ಕ ಹತ್ತಿ ಕುಂತಿತು, ಬಿಡವಲ್ದು. ಹಿಂದ ಯಾರೋ ಕಿಸಕ್ಕಂದ್ರು. ಭಾಷಣಕಾರರು ಪಾಪ ಸಹಾಯ ಮಾಡಾಕ ಹೋಗಿ, ನಿಮ್ಮ ಪ್ರಶ್ನೆ ಯಶಸ್ಸಿನ ಬಗ್ಗೆ ಅಲ್ಲೇನ್ರಿ ಅಂದ್ರು. ಈರಣ್ಣ ಓಡಿ ಬಂದು, "ಗಂಗಣ್ಣಾ, ಚೀಟಿ ಇತ್ತ ಕೊಡು, ನಾ ಓದ್ತೇನಿ," ಅಂತ ಕೈ ಚಾಚಿದ. ಎಂಟು ವರ್ಷದ ಪದ್ಧತಿ ಅದು, ಕೊಟ್ಟಿದ್ರ ಅಲ್ಲಿಗೆ ಮುಗೀತಿತ್ತು. ನಾ ಚೀಟಿ ಮುಷ್ಟಿಯಾಗ ಬಿಗಿ ಹಿಡದೆ.

"ನಾನ ಓದ್ತೇನಿ," ಅಂದೆ.

ಆಮ್ಯಾಲ ಮತ್ತ ಆ 'ಕ'. ಎಷ್ಟು ಹೊತ್ತು ಹಿಡೀತೋ, ಬೆವರು ಕಿವಿ ಹಿಂದ ಇಳದು ಕಾಲರಿಗೆ ಬಂತು. ಕಡೀಕ ಬಂತು ನೋಡ್ರಿ: "ನಿಮ್ಮ ಧೈರ್ಯ ಕಳದ ದಿನ, ಯಾರ ಕಡೆ ಹೋಗ್ತೀರಿ?"

ಅವರು ರೂಢಿ ಪ್ರಕಾರ ಕೈಯಾಗಿನ ಹಾಳಿ ನೋಡಿದ್ರು. ಅದರಾಗ ಈ ಪ್ರಶ್ನೆ ಇದ್ದಿದ್ದಿಲ್ಲ. ಹಾಳಿ ಮಡಚಿ ಕಿಸೆದಾಗ ಇಟ್ರು, ಖುರ್ಚಿ ಎಳಕೊಂಡು ಕುಂತ್ರು. "ನಮ್ಮ ಅಕ್ಕನ ಕಡೆ ಹೋಗ್ತೇನ್ರಿ," ಅಂದ್ರು. "ಆಕಿ ಏನೂ ಬುದ್ಧಿ ಹೇಳಂಗಿಲ್ಲ. ನನ್ನ ಮಾತು ಮುಗಿಯೂತನಾ ಸುಮ್ಮನ ಕುಂತಿರ್ತಾಳ." ಆಮ್ಯಾಲ ತಮ್ಮ ಒಂದು ಕೆಟ್ಟ ವರ್ಷದ ಬಗ್ಗೆ ಹತ್ತು ನಿಮಿಷ ಮಾತಾಡಿದ್ರು. ಅಡ್ಡಾಡಲಿಲ್ಲ, ಕೈ ಬೀಸಲಿಲ್ಲ, ನಡುನಡುವ ಮಾತು ಹುಡಕ್ಯಾಡಿದ್ರು. ನನ್ನ ಜನ್ಮದಾಗ ನಾ ಕೇಳಿದ ಎಲ್ಲಾದಕ್ಕಿಂತ ಛಲೋ ಭಾಷಣ ಅದು.

ಅದು ಮುಗಿಯೂದ ತಡ, ಹಿಂದಿನ ಸಾಲಿನಾಗ ಒಂದು ಕೈ ಎದ್ದಿತು. ಹೊಲಿಗಿ ಕೆಲಸದ ಮಹಾದೇವಕ್ಕ. ಚೀಟಿ ಇಲ್ಲ, ಏನಿಲ್ಲ. ಆಕಿ ಹಿಂದ ಇನ್ನೊಂದು ಕೈ, ಮತ್ತೊಂದು. ನನ್ನ ಎದಿ ಉಬ್ಬಿತು. ಎಂಥಾ ಪ್ರಶ್ನೆ ಕೇಳಿದ್ಯಪಾ ಗಂಗಣ್ಣಾ, ಇಡೀ ಸಭಾನ ಎಬ್ಬಿಸಿದಿ ಅಂತ ಒಳಗ ಹಿಗ್ಗೂದ ಹಿಗ್ಗೂದು. ಉಪ್ಪಿಟ್ಟು ತಿನ್ನೂವಾಗ ಮಹಾದೇವಕ್ಕನ ಹತ್ತಿರ ಹೋಗಿ, ನನ್ನ ಪ್ರಶ್ನೆ ಅಷ್ಟು ಹಿಡಸಿತೇನಬೇ ಅಂತ ಕೇಳಿದೆ.

"ಪ್ರಶ್ನೆ ಅರ್ಧ ನೆನಪಿಲ್ಲ ಬಿಡೋ ಯಣ್ಣಾ," ಅಂದ್ಲು. "ನೀ ಅಷ್ಟೊತ್ತು ತಡವರಿಸಿದ್ರೂ ಕುಂದರಲಿಲ್ಲ. ನಾ ಎರಡು ಮಾತು ತಪ್ಪಿದ್ರ ಏನಾಗತೈತಿ ಅನ್ನಿಸ್ತು."

ನೋಡ್ರಿ ಮತ್ತ. ಎಂಟು ವರ್ಷ ಬರೆದ ಛಲೋ ಛಲೋ ಪ್ರಶ್ನೆ ಯಾರನ್ನೂ ಎಬ್ಬಿಸಲಿಲ್ಲ, ಎಬ್ಬಿಸಿದ್ದು ನಾ ಎಡವಿದ್ದು. ಅವತ್ತು ಮನಿಗೆ ಹೋಗಿ ಶಾಂತಾಗ ಹೇಳಿದ್ರ, ಆಕಿ ಮೂರು ಸಲ ಹೇಳಿಸಿಕೊಂಡ್ಳು.

ನಾಲಿಗಿ ಈಗೂ ಹಂಗ ಐತಿ, ಯಾವ ಪವಾಡನೂ ಆಗಿಲ್ಲ. ಆದರ ನಮ್ಮ ಸಭಾದ ರೀತಿ ಬದಲಾತು. ಈಗ ಭಾಷಣ ಅರ್ಧ ತಾಸು, ಪ್ರಶ್ನೆ ಒಂದು ತಾಸು. ಉಪ್ಪಿಟ್ಟು ಆರಿ ಹೋಗತೈತಿ ಅಂತ ಈರಣ್ಣ ಸಿಟ್ಟು ಮಾಡ್ತಾನ. ನನ್ನ ಗುತ್ತಿಗಿ ರದ್ದಾತು. ಮೊನ್ನಿ ಹಳಿಯಾಳದಾಗ ನಾ ಮೂರು ಸಲ ಕೈ ಎತ್ತಿದೆ. ಮಂದಿ ಸಾಲು ಹಚ್ಚಿದ್ರು, ವ್ಯಾಳ್ಯಾ ಮುಗೀತು, ನನ್ನ ಪಾಳಿ ಬರಲೇ ಇಲ್ಲ. ಜೀವನದಾಗ ಅಷ್ಟು ಖುಷಿಲೆ ನಾ ಯಾವತ್ತೂ ಬಾಯಿ ಮುಚ್ಚಿಕೊಂಡು ಕುಂತಿದ್ದಿಲ್ಲ.